ಹತ್ತಲು ಮೆಟ್ಟಿಲು, ಇಳಿಯಲು ಬಸ್ಸು

ಹಾಂಗ್‌ಕಾಂಗಿಗೆ ಬರುವ ನಮ್ಮ ಕಡೆಯವರು ಮೊದಲು ವಿಚಾರಿಸುವುದೇ ವಿಕ್ಟೋರಿಯಾ ಪೀಕ್ ಬೆಟ್ಟವನ್ನು. ಹೆಚ್ಚಿನವರು ಪೀಕ್ ಟ್ರಾಮ್‌ಗೆ ಸಾಲು ನಿಂತು ಮೇಲೆ ಹೋಗುತ್ತಾರೆ. ಇನ್ನೊಂದು ಟಿಕೆಟ್ ಕೊಂಡು ಮೇಲಿನ ನಿಲ್ದಾಣದ ಕಟ್ಟಡದ ತಾರಸಿ ಏರುತ್ತಾರೆ, ಫೋಟೊ ತೆಗೆದು ಅದೇ ಟ್ರಾಮ್‌ನಲ್ಲಿ ವಾಪಸಾಗುತ್ತಾರೆ. 1888ರಿಂದ ಓಡುತ್ತಿರುವ ಟ್ರಾಮ್, ಒಮ್ಮೆ ಕೂತು ನೋಡಬೇಕಾದದ್ದೇ. ಆದರೆ ಈ ಊರು ತನ್ನ ಬೆಟ್ಟಗಳನ್ನು ಜನರ ಕಾಲಿಗೆ ಹೇಗೆ ಒದಗಿಸಿಕೊಟ್ಟಿದೆ ಎನ್ನುವುದು ಹಾಗೆ ಹೋಗಿ ಬಂದರೆ ತಿಳಿಯುವುದಿಲ್ಲ. ನಮ್ಮ ಚಾಮುಂಡಿ ಬೆಟ್ಟಕ್ಕೆ ಇಲ್ಲಿಂದ ತೆಗೆದುಕೊಳ್ಳಬಹುದಾದ ಪಾಠ ಇರುವುದೂ ಅದರಲ್ಲೇ.

ಟ್ರಾಮ್ ಬಿಟ್ಟರೆ ಪೇಟೆಯ ಸೆಂಟ್ರಲ್ ಭಾಗದಿಂದ 15ನೇ ನಂಬರಿನ ಡಬಲ್ ಡೆಕ್ಕರ್ ಬಸ್ಸಿದೆ, 1ನೇ ನಂಬರಿನ ಹಸಿರು ಮಿನಿಬಸ್ಸಿದೆ. ಮಿನಿಬಸ್ಸಿನಲ್ಲಿ ನಿಂತು ಪ್ರಯಾಣಿಸುವಂತಿಲ್ಲ. ಸೀಟು ತುಂಬಿದ್ದರೆ ನಡುವಿನ ಸ್ಟಾಪಿನಲ್ಲಿ ಎಷ್ಟು ಕೈ ಬೀಸಿದರೂ ನಿಲ್ಲಿಸುವುದಿಲ್ಲ, ಹಾಗಾಗಿ ಹೊರಡುವ ಜಾಗದಲ್ಲೇ ಹತ್ತಬೇಕು. ದೊಡ್ಡ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವ ಪದ್ಧತಿಯಿಲ್ಲ. ದುಡ್ಡು ತುಂಬಿಸಿಟ್ಟುಕೊಳ್ಳುವ ಆಕ್ಟೋಪಸ್ ಕಾರ್ಡ್ ಇದ್ದರೆ ಮೆಟ್ರೊ, ಬಸ್ಸು, ಟ್ರಾಮ್ ಎಲ್ಲಕ್ಕೂ ಅದೊಂದೇ ಸಾಕು.

ಮೇಲೆ ಇಳಿದ ಕೂಡಲೇ ಕಟ್ಟಡ ಬಿಟ್ಟು ಲುಗಾರ್ಡ್ ರಸ್ತೆ ಹಿಡಿಯಿರಿ. ಅದೂ ಹಾರ್ಲೆಕ್ ರಸ್ತೆಯೂ ಸೇರಿ ಬೆಟ್ಟಕ್ಕೆ ಒಂದು ಪ್ರದಕ್ಷಿಣೆ. ಸುಮಾರು ಮೂರೂವರೆ ಕಿ.ಮೀ., ನಿಧಾನವಾಗಿ ನಡೆದರೂ ಒಂದು ಗಂಟೆ ಚಿಲ್ಲರೆ. ದಾರಿ ಹೆಚ್ಚುಕಡಿಮೆ ಸಮತಟ್ಟು, ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಹತ್ತು-ಹದಿನೈದು ನಿಮಿಷ ನಡೆಯುವಷ್ಟರಲ್ಲಿ ಮರಗಳ ಸಾಲು ಬಿಚ್ಚಿಕೊಂಡು ಇಡೀ ಬಂದರು ಕಾಲ ಕೆಳಗೆ ಕಾಣುತ್ತದೆ. ತಾರಸಿಯ ಟಿಕೆಟಿಗೆ ಸಿಗುವ ನೋಟ ಇಲ್ಲಿ ಬಿಟ್ಟಿ, ನೂಕುನುಗ್ಗಲೂ ಕಡಿಮೆ. ಕಡಿದಾದ ಬಂಡೆಯ ಮಗ್ಗುಲಲ್ಲಿ ಕಂಬ ಕೊಟ್ಟು ಸೇತುವೆಯಂತೆ ಕಟ್ಟಿದ ಭಾಗವನ್ನು ಗಮನಿಸಿ. ದಾರಿಯ ಮೇಲೆ ಬಿಳಲು ಇಳಿಬಿಟ್ಟು ನಿಂತ ದೊಡ್ಡ ರಬ್ಬರ್ ಮರವೊಂದಿದೆ. ನಮ್ಮಲ್ಲಿ ವರಾಂಡದ ಕುಂಡಗಳಲ್ಲಿ ಬೆಳೆಸುವ ಅದೇ ಗಿಡ, ಬಿಟ್ಟರೆ ಎಷ್ಟು ಬೆಳೆದೀತು ಎಂದು ಅಲ್ಲಿ ಗೊತ್ತಾಗುತ್ತದೆ. 552 ಮೀಟರ್ ಎತ್ತರದ ನಿಜವಾದ ನೆತ್ತಿಗೆ ಮಾತ್ರ ಪ್ರವೇಶವಿಲ್ಲ, ಅಲ್ಲಿ ಪ್ರಸಾರ ಗೋಪುರಗಳಿವೆ.

ಪ್ರದಕ್ಷಿಣೆ ಮುಗಿಸಲೇಬೇಕೆಂದಿಲ್ಲ. ಲುಗಾರ್ಡ್ ರಸ್ತೆ ಮುಗಿಯುವಲ್ಲಿ ಹ್ಯಾಟನ್ ರಸ್ತೆಗೆ ತಿರುಗಿದರೆ ಕಾಡಿನ ನಡುವೆ ಇಳಿಯುತ್ತ ಹಳೆಯ ಪೈನ್‌ವುಡ್ ಫಿರಂಗಿ ನೆಲೆಯ ಬಳಿ ಹಾದು ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಪಕ್ಕಕ್ಕೆ ಬರುತ್ತೀರಿ. ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ಬೆಟ್ಟದ ಮಗ್ಗುಲಿಂದಲೇ ನೇರ ಲಿಫ್ಟ್ ಇದೆ. ಓಲ್ಡ್ ಪೀಕ್ ರಸ್ತೆಯಲ್ಲೂ ಇಳಿಯಬಹುದು. ಅದು ಹತ್ತಿರದ ದಾರಿ, ಆದರೆ ಕಾಂಕ್ರೀಟ್ ಇಳಿಜಾರು ತುಂಬ ಕಡಿದು, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಮಂಡಿನೋವಿನವರಿಗೆ ನಾನು ಅದನ್ನು ಹೇಳುವುದೇ ಇಲ್ಲ.

ಬೆಟ್ಟ ಹತ್ತಿದ ಅನುಭವವೇ ಬೇಕೆನ್ನುವವರಿಗೆ ಡ್ರ್ಯಾಗನ್ಸ್ ಬ್ಯಾಕ್ ಎಂಬ ಕಾಲುದಾರಿ ಇದೆ. ಶೌ ಕೀ ವಾನ್ ಮೆಟ್ರೊ ನಿಲ್ದಾಣದಲ್ಲಿ ಇಳಿದು 9ನೇ ನಂಬರ್ ಬಸ್ಸು ಹಿಡಿದು ತೋ ತೇ ವಾನ್ ಸ್ಟಾಪಿನಲ್ಲಿ ಇಳಿಯಬೇಕು. ರಸ್ತೆ ಪಕ್ಕದ ಸಣ್ಣ ಸ್ಟಾಪು. ಬಸ್ಸಿನೊಳಗಿನ ಫಲಕದ ಮೇಲೆ ಕಣ್ಣಿಡದಿದ್ದರೆ ದಾಟಿಹೋಗುತ್ತದೆ. ಅಲ್ಲಿಂದ ಇಪ್ಪತ್ತು ನಿಮಿಷದ ಏರು, ಆಮೇಲೆ ಬೆಟ್ಟದ ಬೆನ್ನೇಣಿನ ಮೇಲೆ ಏರಿಳಿತದ ನಡಿಗೆ. ತೀರಾ ಎತ್ತರದ ಜಾಗ 284 ಮೀಟರಿನ ಶೆಕ್ ಓ ಪೀಕ್. ಎರಡು ಬದಿಗೂ ಕಡಲು, ಒಂದು ಮರದ ನೆರಳೂ ಇಲ್ಲ. ಕಷ್ಟ ಇರುವುದು ಏರಿನಲ್ಲಲ್ಲ, ಈ ಬಯಲಲ್ಲಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೆವರು ಆರದಷ್ಟು ತೇವ ಗಾಳಿಯಲ್ಲಿರುತ್ತದೆ, ಮೈ ತಂಪಾಗುವುದಿಲ್ಲ. ಹನ್ನೊಂದು ಗಂಟೆಗೆ ಹೊರಟವರು ಅರ್ಧದಲ್ಲೇ ಕೂತುಬಿಡುತ್ತಾರೆ. ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಶೂ. ದಾರಿಯಲ್ಲಿ ಅಂಗಡಿಯಿಲ್ಲ. ಕಸದ ಬುಟ್ಟಿಯೂ ಇಲ್ಲ: ಕಾಲುದಾರಿಗಳ ಬುಟ್ಟಿಗಳನ್ನೆಲ್ಲ 2017ರಲ್ಲೇ ತೆಗೆದುಹಾಕಿದರು, ತಂದದ್ದನ್ನು ತಂದವರೇ ಹೊತ್ತೊಯ್ಯಬೇಕು. ಬೆನ್ನೇಣು ಮುಗಿದ ಮೇಲೆ ನೆರಳಿನ ಕಾಡುದಾರಿ, ಕೊನೆಗೆ ಇಳಿದರೆ ಬಿಗ್ ವೇವ್ ಬೇ ಕಡಲತೀರ. ಪೂರ್ತಿ ಎಂಟೂವರೆ ಕಿ.ಮೀ., ಮೂರರಿಂದ ಮೂರೂವರೆ ಗಂಟೆ. ಕೆಳಗೆ ಸಿಗುವ ಕೆಂಪು ಮಿನಿಬಸ್ಸುಗಳಲ್ಲಿ ಹಲವು ನಗದನ್ನೇ ಕೇಳುತ್ತವೆ, ಜೇಬಿನಲ್ಲಿ ಚಿಲ್ಲರೆ ಇರಲಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಪೀಕ್ ಹಲವು ದಿನ ಮಂಜಿನೊಳಗೇ ಇರುತ್ತದೆ. ಹೊರಡುವ ಮುನ್ನ ಹವಾಮಾನ ವೀಕ್ಷಣಾಲಯದ ಪೀಕ್ ಕ್ಯಾಮೆರಾ ಚಿತ್ರ ನೋಡಿದರೆ ಅರ್ಧ ದಿನ ಉಳಿಯುತ್ತದೆ.

ಲುಗಾರ್ಡ್ ರಸ್ತೆ, ಡ್ರ್ಯಾಗನ್ಸ್ ಬ್ಯಾಕ್ ಎರಡೂ 50 ಕಿ.ಮೀ. ಉದ್ದದ ಹಾಂಗ್‌ಕಾಂಗ್ ಟ್ರೈಲ್ ಎಂಬ ಕಾಲುದಾರಿಯ ತುಣುಕುಗಳು. ಪೀಕ್‌ನಲ್ಲಿ ಶುರು, ಬಿಗ್ ವೇವ್ ಬೇಯಲ್ಲಿ ಕೊನೆ. ಪ್ರತಿ 500 ಮೀಟರಿಗೆ ನಂಬರ್ ಬರೆದ ಕಂಬವಿದೆ. ಕಾಲು ಉಳುಕಿದರೆ 999ಕ್ಕೆ ಫೋನ್ ಮಾಡಿ ಕಂಬದ ನಂಬರ್ ಹೇಳಿದರೆ ಸಾಕು, ಎಲ್ಲಿದ್ದೀರೆಂದು ಅವರಿಗೆ ತಿಳಿಯುತ್ತದೆ. ದಾರಿಯುದ್ದಕ್ಕೂ ನಡುನಡುವೆ ಬಸ್ಸಿನ ರಸ್ತೆಗೆ ಇಳಿಯುವ ಕವಲುಗಳೂ ಇವೆ. ಹತ್ತಿದಲ್ಲೇ ಇಳಿಯಬೇಕೆಂಬ ಕಟ್ಟುಪಾಡು ಇಲ್ಲದ್ದರಿಂದಲೇ ಇಲ್ಲಿ ಎಪ್ಪತ್ತರ ಅಜ್ಜಿಯೂ ಒಬ್ಬರೇ ಬೆಟ್ಟಕ್ಕೆ ಬರುತ್ತಾರೆ.

ಈಗ ಮೈಸೂರಿಗೆ ಬನ್ನಿ. ಚಾಮುಂಡಿ ಬೆಟ್ಟ ಊರಿನಿಂದ ಸುಮಾರು ಮುನ್ನೂರು ಮೀಟರ್ ಎತ್ತರ, ಅಂದರೆ ಸುಲಭದ ಏರಿಗೆ ಹೇಳಿಮಾಡಿಸಿದ ಅಳತೆ. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು, ಏಳುನೂರರ ಆಸುಪಾಸಿನಲ್ಲಿ ಏಕಶಿಲೆಯ ನಂದಿ, ನೆತ್ತಿಗೆ ಸಿಟಿ ಬಸ್ ಸ್ಟ್ಯಾಂಡಿನಿಂದ 201ನೇ ನಂಬರ್ ಬಸ್ಸು. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಹಾಂಗ್‌ಕಾಂಗಿನ ದಾರಿಗಳಲ್ಲಿ ಸಿಮೆಂಟು ಅತಿಯಾಯಿತೆಂದು ಇಲ್ಲಿನ ಚಾರಣಿಗರೇ ಗೊಣಗುತ್ತಾರೆ. ನಮ್ಮಲ್ಲಿರುವುದು ಕಲ್ಲಿನ ಮೆಟ್ಟಿಲು, ಅಕ್ಕಪಕ್ಕ ಕುರುಚಲು ಕಾಡು, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ-ಕುಂಕುಮ ಹಚ್ಚಿ ಏರುವ ತಾಯಂದಿರು. ಆ ಭಕ್ತಿಯ ನಡಿಗೆ ಹಾಂಗ್‌ಕಾಂಗಿನಲ್ಲಿ ಎಲ್ಲೂ ಇಲ್ಲ.

ಕೊರತೆ ಇರುವುದು ಬೆಟ್ಟದ ಪಾದದಲ್ಲಿ. ಮೆಟ್ಟಿಲು ಹತ್ತುವವರು ಬಹುಪಾಲು ಬೈಕಿನಲ್ಲೋ ಕಾರಿನಲ್ಲೋ ಬಂದು ಪಾದದ ಹತ್ತಿರ ನಿಲ್ಲಿಸುತ್ತಾರೆ. ಗಾಡಿ ಕೆಳಗಿದ್ದ ಮೇಲೆ ಅದೇ ಸಾವಿರ ಮೆಟ್ಟಿಲು ಇಳಿಯಲೇಬೇಕು. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಮೈಭಾರ ತಡೆಯಬೇಕಾಗುತ್ತದೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲದಿರುವುದರಿಂದ ಪ್ರತಿ ಹೆಜ್ಜೆಗೂ ಮಂಡಿಗೆ ಹೊಸ ಪೆಟ್ಟು. ಮರುದಿನ ಕಾಲು ಹಿಡಿದುಕೊಳ್ಳುವುದು ಹತ್ತಿದ್ದಕ್ಕಿಂತ ಇಳಿದದ್ದಕ್ಕೆ. ಸವೆದು ನುಣುಪಾದ ಕಲ್ಲಿನ ಮೇಲೆ ಮಳೆಹನಿ, ಕುಂಕುಮದ ಪುಡಿ ಬಿದ್ದಿದ್ದರೆ ಜಾರುವುದೂ ಇಳಿಯುವವರೇ. ಆದ್ದರಿಂದ ಗಾಡಿ ಮನೆಯಲ್ಲಿ ಬಿಡಿ. ಬೆಳಗ್ಗೆ ಆರಕ್ಕೆ ಆಟೋದಲ್ಲಿ ಪಾದಕ್ಕೆ ಬನ್ನಿ. ಮೊದಲ ಭಾಗವೇ ಕಡಿದಾಗಿರುವುದರಿಂದ ಅಲ್ಲಿ ಆತುರ ಬೇಡ, ನಂದಿಯ ಹತ್ತಿರ ಚೆನ್ನಾಗಿ ಸುಧಾರಿಸಿಕೊಳ್ಳಿ. ಬರಿಗಾಲಲ್ಲಿ ಹತ್ತುವವರು ಕಲ್ಲು ಕಾಯುವ ಮುನ್ನ ಮೇಲೆ ಸೇರಬೇಕು. ದರ್ಶನ ಮುಗಿಸಿ 201 ಹತ್ತಿ ಇಳಿದುಬಿಡಿ.

ಚಾಮುಂಡಿ ಬೆಟ್ಟದ ಮಂಗಗಳಿಗೆ ತಿಂಡಿ ಹಾಕಬೇಡಿ ಎಂದು ಎಷ್ಟು ಹೇಳಿದರೂ ಕೇಳುವವರು ಕಡಿಮೆ. ಹಾಂಗ್‌ಕಾಂಗಿನಲ್ಲಿ ಕಾಡುಪ್ರಾಣಿಗೆ ತಿನಿಸು ಹಾಕಿದವರಿಗೆ 2024ರ ಆಗಸ್ಟಿನಿಂದ ಸ್ಥಳದಲ್ಲೇ 5,000 ಹಾಂಗ್‌ಕಾಂಗ್ ಡಾಲರ್ ದಂಡ.

ಚಾಮುಂಡಿ ಬೆಟ್ಟಕ್ಕೆ ಹೊಸದಾಗಿ ಏನನ್ನೂ ಕಟ್ಟುವುದು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2022ರಲ್ಲಿ ರೋಪ್‌ವೇ ಪ್ರಸ್ತಾಪವನ್ನು ಜನರ ವಿರೋಧ ನೋಡಿ ಕೈಬಿಟ್ಟದ್ದು ಒಳ್ಳೆಯದಾಯಿತು. 2021ರ ಮಳೆಗೆ ನಂದಿ ರಸ್ತೆ ಕುಸಿದದ್ದನ್ನು ಕಂಡವರಿಗೆ ಈ ಮಣ್ಣಿನ ಮೇಲೆ ಇನ್ನಷ್ಟು ಭಾರ ಹೇರುವ ಧೈರ್ಯ ಬರಬಾರದು. ಮೇಲೆ ಬಹುಮಹಡಿ ಪಾರ್ಕಿಂಗ್ ಕಟ್ಟಿದಷ್ಟೂ ಅದನ್ನು ತುಂಬಲು ಕಾರುಗಳೇ ಬರುತ್ತವೆ. ಬೇಕಾದದ್ದು ಬೆಳಗಿನ ಜಾವದಿಂದಲೇ ಸಿಟಿ ಬಸ್ ಸ್ಟ್ಯಾಂಡಿನಿಂದ ಮೆಟ್ಟಿಲ ಪಾದಕ್ಕೆ ಬಂದುಹೋಗುವ ಬಸ್ಸು. ನೂರು ಮೆಟ್ಟಿಲಿಗೊಂದರಂತೆ ದೂರದಿಂದಲೂ ಓದಬಹುದಾದ ನಂಬರ್, 112ಕ್ಕೆ ಕರೆ ಮಾಡಿದವರು ಅದನ್ನು ಹೇಳಿದರೆ ಆಂಬುಲೆನ್ಸಿಗೆ ಜಾಗ ಗೊತ್ತಾಗುವಂತಹ ಏರ್ಪಾಡು. ಇದು ನಮ್ಮಿಂದಾಗದ ಕೆಲಸವಲ್ಲ. ಆಷಾಢ ಶುಕ್ರವಾರಗಳಂದು ಖಾಸಗಿ ಗಾಡಿಗಳನ್ನು ಕೆಳಗೇ ತಡೆದು, ಲಲಿತಮಹಲ್ ಮೈದಾನದಿಂದ ಸಾಲು ಸಾಲು ಬಸ್ಸು ಬಿಟ್ಟು, ಲಕ್ಷಾಂತರ ಜನರನ್ನು ಮೈಸೂರು ಮೇಲೆ ಕಳಿಸಿ ಕೆಳಗಿಳಿಸುತ್ತದೆ. ಅದೇ ಏರ್ಪಾಡಿನ ಸಣ್ಣ ರೂಪವನ್ನು ವರ್ಷದ ಎಲ್ಲ ಭಾನುವಾರಗಳಿಗೂ ತರಲಿ. ಮೊದಲು ಬೆಳಗ್ಗೆ ಐದರಿಂದ ಹತ್ತರವರೆಗೆ ಮಾತ್ರ ಮಾಡಿ ನೋಡಲಿ.