ಮಗ್ಗು ಮಾಮಾನ ಅಂದಾಜು

ಮೇ ತಿಂಗಳು ಮುಗಿಯುವ ಹೊತ್ತಿಗೆ ಬಳ್ಳಾರಿಯಲ್ಲಿ ಮನೆಯಂಗಳದ ಸ್ವಿಮ್ಮಿಂಗ್ ಪೂಲ್‌ಗಳು ಎರಡೇ ಬಣ್ಣದಲ್ಲಿ ಕಾಣಸಿಗುತ್ತವೆ: ಒಂದು ಹಸಿರು, ಇನ್ನೊಂದು ಬಿಳಿ. ಹಸಿರಾಗಿದ್ದರೆ ಯಾರೂ ಏನೂ ಹಾಕಿಲ್ಲ ಅಂತ ಅರ್ಥ. ಬೆಳ್ಳಗಾಗಿದ್ದರೆ ಮಾಮಾ ಹಾಕಿದ್ದಾರೆ.

ಪೂಲ್ ಇರುವ ಪ್ರತಿ ಮನೆಗೂ ಇಂಥ ಒಬ್ಬ ಮಾಮಾ ಇದ್ದೇ ಇರುತ್ತಾರೆ. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸಿದವರು, ಸಂಪು ತೊಳೆಸಿದವರು, ಮೋಟಾರ್ ಸುಟ್ಟಾಗ ರಿವೈಂಡಿಂಗ್‌ಗೆ ಒಯ್ದವರು ಎಲ್ಲ ಅವರೇ. ಹಾಗಾಗಿ ನೀರಾವರಿ ಖಾತೆ ಖಾಯಂ ಅವರದು. ಕೈಯಲ್ಲೊಂದು ಪ್ಲಾಸ್ಟಿಕ್ ಮಗ್ಗು, ಪಕ್ಕದಲ್ಲಿ ಬಾಯಿ ಬಿಚ್ಚಿದ ಬ್ಲೀಚಿಂಗ್ ಪೌಡರ್ ಚೀಲ. ಉರಿಬಿಸಿಲಲ್ಲಿ ದಂಡೆಗೆ ಬಂದು ಬಗ್ಗಿ, ಬೊಗಸೆ ನೀರು ತಗೊಂಡು, ಮೊದಲು ಮೂಸಿ, ಆಮೇಲೆ ನಾಲಿಗೆಗೆ ಹಚ್ಚಿಕೊಂಡು, ಸಾರಿಗೆ ಉಪ್ಪು ಸಾಲದು ಅನ್ನುವ ಧಾಟಿಯಲ್ಲಿ ತೀರ್ಪು ಕೊಡುತ್ತಾರೆ: "ಸಪ್ಪಗೈತ್ರಿ. ಇನ್ನೆರಡು ಮಗ್ಗು ಬೇಕು." ಬೆಳಗ್ಗೆಯಿಂದ ಅದೇ ನೀರಲ್ಲಿ ರಜೆಗೆ ಬಂದ ಹುಡುಗರ ಪಡೆ ಬಿದ್ದು ಹೊರಳಾಡುತ್ತಿದೆ, ಒಬ್ಬನಾದರೂ ಬಾತ್‌ರೂಮಿಗೆ ಅಂತ ಎದ್ದು ಹೋದದ್ದನ್ನು ಕಂಡವರಿಲ್ಲ. ಅಂಥ ನೀರನ್ನು ನಾಲಿಗೆಗೆ ಹಚ್ಚುವ ಧೈರ್ಯಕ್ಕೆ ನಮಸ್ಕಾರ. ಆದರೆ ಪರೀಕ್ಷೆ ಅಂತ ಅದನ್ನು ಒಪ್ಪಲು ಸಾಧ್ಯವಿಲ್ಲ.

ಲೆಕ್ಕ ನೋಡೋಣ. 25 ಅಡಿ ಉದ್ದ, 12 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳದ ಪೂಲ್ ಅಂದರೆ 1,350 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 38,000 ಲೀಟರ್. ನೀರಲ್ಲಿ ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸಕ್ಕೆ ಸಿಗುವ ಕ್ಲೋರಿನ್, 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಸಾಕು. 2 ಪಿಪಿಎಂ ಏರಿಸಲು ಬೇಕಾದದ್ದು 76 ಗ್ರಾಂ ಕ್ಲೋರಿನ್. ತಾಜಾ ಬ್ಲೀಚಿಂಗ್ ಪೌಡರ್‌ನಲ್ಲಿ ಶೇ 30ರಷ್ಟು ಕ್ಲೋರಿನ್ ಇರುತ್ತದೆ ಅಂತ ಹಿಡಿದರೆ ಸುಮಾರು 250 ಗ್ರಾಂ ಪುಡಿ. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 120 ಗ್ರಾಂ ಸಾಕು. ಇದಕ್ಕೆ ಬೇಕಾದದ್ದು ಅಡುಗೆಮನೆಯದಲ್ಲದ ಒಂದು ತಕ್ಕಡಿ, ಅಷ್ಟೇ. ಮಾಮಾನ ಮಗ್ಗಿಗೆ ತೂಕ ಅನ್ನುವುದೇ ಇಲ್ಲ. ಸಡಿಲ ತುಂಬಿದರೆ ಒಂದು, ಒತ್ತಿ ತುಂಬಿದರೆ ಇನ್ನೊಂದು, ಬೀಗರು ನಿಂತು ನೋಡುತ್ತಿದ್ದರೆ ಮತ್ತೊಂದು. ಸಾಲದ್ದಕ್ಕೆ ಬಾಯಿ ಬಿಚ್ಚಿಟ್ಟ ಚೀಲ ಬಳ್ಳಾರಿಯ ಬೇಸಿಗೆಯಲ್ಲಿ ದಿನದಿನಕ್ಕೂ ಸತ್ವ ಕಳೆದುಕೊಳ್ಳುತ್ತದೆ. ಹೋದ ತಿಂಗಳ ಮಗ್ಗು ಈ ತಿಂಗಳ ಮಗ್ಗಲ್ಲ.

ಬ್ಲೀಚಿಂಗ್ ಪೌಡರ್ ಅಂದರೆ ಕ್ಲೋರಿನ್ ಜೊತೆಗೆ ಸುಣ್ಣವೂ ಬಂತು. ನಮ್ಮ ಬೋರ್ ನೀರು ಮೊದಲೇ ಗಡಸು. ಅದರ ಮೇಲೆ ಪುಡಿ ಎರಚಿದರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರುತ್ತದೆ, ಸುಣ್ಣ ನೀರಲ್ಲಿ ಕರಗದೆ ನಿಲ್ಲುತ್ತದೆ, ಪೂಲ್ ಬೆಳ್ಳಗಾಗುತ್ತದೆ, ಟೈಲ್ಸ್ ಮೇಲೆ ಬಿಳಿ ಪಟ್ಟೆ ಕೂರುತ್ತದೆ. ಇದೇ ಪುಡಿ ಹಾಕಬೇಕು ಅಂತಿದ್ದರೆ ಸಂಜೆಯೇ ಬಕೆಟ್‌ನಲ್ಲಿ ಮೊದಲು ನೀರು ತುಂಬಿ, ಅದಕ್ಕೆ ಪುಡಿ ಹಾಕಿ, ಕೋಲಿನಿಂದ ಕಲಸಿ, ಗಸಿ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಪೂಲಿಗೆ ಹೊಯ್ಯಬೇಕು. ಆಗ ಪಂಪ್ ಓಡುತ್ತಿರಬೇಕು. ಹೊತ್ತು ಮುಳುಗಿದ ಮೇಲೇ ಹಾಕಬೇಕು, ಏಕೆಂದರೆ ಸ್ಟೆಬಿಲೈಸರ್ (ಬಿಸಿಲಿನಿಂದ ಕ್ಲೋರಿನ್ ಕಾಯುವ ರಾಸಾಯನಿಕ) ಇಲ್ಲದ ನೀರಿನ ಕ್ಲೋರಿನ್ ಅನ್ನು ನಮ್ಮ ಬಿಸಿಲು ಒಂದೆರಡು ತಾಸಲ್ಲೇ ಮುಕ್ಕಾಲು ಪಾಲು ತಿಂದು ಮುಗಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದ ಎರಡು ಮಗ್ಗು ಸೂರ್ಯನಿಗೆ ಮಾಡಿದ ನೈವೇದ್ಯ.

ಇನ್ನು ಮೂಗಿನ ವಿಚಾರ. "ಔಷಧದ ವಾಸನಿ ಘಮ್ ಅಂತೈತಿ, ಜಾಸ್ತಿ ಆಗೈತಿ, ಎರಡು ದಿನ ಬ್ಯಾಡ" ಅನ್ನುವುದು ಮಾಮಾನ ಇನ್ನೊಂದು ತೀರ್ಪು. ಅಸಲಿಗೆ ಸರಿಯಾಗಿ ಕ್ಲೋರಿನ್ ಇರುವ ಪೂಲ್ ಅಷ್ಟಾಗಿ ವಾಸನೆ ಬರುವುದೇ ಇಲ್ಲ. ಮೂಗಿಗೆ ಹೊಡೆಯುವುದು ಕ್ಲೋರಮೈನ್. ಕ್ಲೋರಿನ್ ಬೆವರಿನ ಜೊತೆ, ಆ ಹುಡುಗರು ಎದ್ದು ಹೋಗದೆ ಮುಗಿಸಿದ ಕೆಲಸದ ಜೊತೆ ಕೂಡಿಕೊಂಡಾಗ ಹುಟ್ಟುವ ಸರಕು ಅದು. ಕಣ್ಣು ಕೆಂಪಾಗುವುದೂ ಬಹುಮಟ್ಟಿಗೆ ಅದರಿಂದಲೇ. ವಾಸನೆ ಬಂದರೆ ಕ್ಲೋರಿನ್ ಸಾಲದಾಗಿದೆ ಅಂತ. ಅಂದರೆ ಮಾಮಾ ಬೇಡದಾಗ ಹಾಕುತ್ತಾರೆ, ಬೇಕಾದಾಗ ನಿಲ್ಲಿಸುತ್ತಾರೆ. ಅಂದಾಜು ಅಪ್ಪಿತಪ್ಪಿ ಒಮ್ಮೆಯಾದರೂ ಸರಿಹೋಗಬೇಕಲ್ಲ, ಇಲ್ಲ, ಪ್ರತಿ ಸಲವೂ ಉಲ್ಟಾ.

ಯಾರೋ ಮುತುವರ್ಜಿಯಿಂದ ಟೆಸ್ಟ್ ಕಿಟ್ ತಂದುಕೊಟ್ಟರು ಅಂದುಕೊಳ್ಳಿ. ಅಗ್ಗದ ಕಿಟ್‌ನ ಹಳದಿ ಬಣ್ಣ ಒಟ್ಟು ಕ್ಲೋರಿನ್ ತೋರಿಸುತ್ತದೆ, ಅದರಲ್ಲಿ ಕೆಲಸಕ್ಕೆ ಬಾರದ ಕ್ಲೋರಮೈನ್ ಕೂಡ ಸೇರಿರುತ್ತದೆ. ಫ್ರೀ ಕ್ಲೋರಿನ್ ಬೇರೆಯಾಗಿ ತೋರಿಸುವ, ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ಟೇ ಬೇಕು. ಅದರಲ್ಲೂ ಜಾರಿ ಬೀಳುವ ಒಂದು ಗುಂಡಿ ಇದೆ. ಕ್ಲೋರಿನ್ 10 ಪಿಪಿಎಂ ದಾಟಿ ಬಹಳ ಏರಿದ್ದರೆ ಆ ಗುಲಾಬಿಯನ್ನೇ ಅದು ಬ್ಲೀಚ್ ಮಾಡಿಬಿಡುತ್ತದೆ. ಒಂದು ಕ್ಷಣ ಬಣ್ಣ ಮಿಂಚಿ ಮತ್ತೆ ತಿಳಿನೀರು. "ನೋಡ್ರಿ, ಕಲರೇ ಬರ್ಲಿಲ್ಲ, ನಾ ಹೇಳಿದ್ನಿಲ್ಲ ಸಪ್ಪಗೈತಿ ಅಂತ" ಎಂದು ಮಾಮಾ ವಿಜಯೋತ್ಸಾಹದಿಂದ ಮಗ್ಗಿಗೆ ಕೈ ಹಾಕುತ್ತಾರೆ. ಅನುಮಾನ ಬಂದರೆ ಅದೇ ನೀರು ಒಂದು ಪಾಲಿಗೆ ಕ್ಲೋರಿನ್ ಇಲ್ಲದ ಕ್ಯಾನ್ ನೀರು ನಾಲ್ಕು ಪಾಲು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಸ್ಯಾಂಪಲ್ ನೀರನ್ನು ಮೇಲಿಂದ ತೆಗೆಯಬಾರದು, ಮೊಣಕೈ ಮುಳುಗುವಷ್ಟು ಆಳದಿಂದ, ಇನ್‌ಲೆಟ್‌ನಿಂದ ದೂರದಲ್ಲಿ ತೆಗೆಯಬೇಕು. ಪಿಎಚ್ 7.2ರಿಂದ 7.6ರ ನಡುವೆ ಇರಲಿ. ಅದು 8 ದಾಟಿದರೆ ಎಷ್ಟು ಕ್ಲೋರಿನ್ ಇದ್ದರೂ ಅದರ ಜೋರು ನಡೆಯುವುದಿಲ್ಲ.

ಇಲ್ಲಿಗೆ ನಗು ನಿಲ್ಲಿಸಬೇಕಾದ ಜಾಗ ಒಂದಿದೆ. ಅದೇ ಮಗ್ಗು. ಪುಡಿ ಬೇಡ ಅಂತ ಕೆಲವರು 200 ಗ್ರಾಂ ತೂಕದ ಟಿಸಿಸಿಎ (ನಿಧಾನಕ್ಕೆ ಕರಗಿ ಕ್ಲೋರಿನ್ ಬಿಡುವ ರಾಸಾಯನಿಕ) ಮಾತ್ರೆಗೆ ಹೋಗುತ್ತಾರೆ, ಪಿಎಚ್ ಇಳಿಸಲು ಆಸಿಡ್ ತರುತ್ತಾರೆ. ಮೂರೂ ಒಂದೇ ಪಂಪ್ ರೂಮಿನಲ್ಲಿ, ಒಂದರ ಮೇಲೊಂದು, ಮೂರಕ್ಕೂ ಒಂದೇ ಮಗ್ಗು. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುವ ಗ್ಯಾಸ್. ಬ್ಲೀಚಿಂಗ್ ಮತ್ತು ಟಿಸಿಸಿಎ ಪರಸ್ಪರ ಸೇರಿದರೂ, ಅದರಲ್ಲೂ ಸ್ವಲ್ಪ ತೇವ ಇದ್ದರಂತೂ, ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದೊಂದಕ್ಕೂ ಬೇರೆ ಒಣ ಚಮಚ, ಬೇರೆ ಜಾಗ. ಆಸಿಡ್ ಯಾವಾಗಲೂ ನೀರಿಗೆ, ನೀರು ಆಸಿಡ್‌ಗಲ್ಲ. ಒಂದು ಸಲಕ್ಕೆ ಕಾಲು ಲೀಟರ್ ಮೀರದಂತೆ ಬಕೆಟ್ ನೀರಲ್ಲಿ ಕಲಸಿ, ಆಳದ ಕಡೆ ಸುತ್ತಾಡಿ ಹೊಯ್ದು, ನಾಲ್ಕು ತಾಸು ಪಂಪ್ ಓಡಿಸಿ, ಮತ್ತೆ ಅಳೆಯಿರಿ. ಒಂದೇ ಕಡೆ ಸುರಿದರೆ ಟೈಲ್ಸ್ ಸಂದಿನ ಗ್ರೌಟ್ ತಿಂದುಹೋಗುತ್ತದೆ, ಆಮೇಲೆ ಆ ರಿಪೇರಿಯ ಬಿಲ್ಲು ನಿಮ್ಮನ್ನು ತಿನ್ನುತ್ತದೆ.

ಮಾತ್ರೆಯದ್ದೂ ಒಂದು ತಕರಾರಿದೆ. ಟಿಸಿಸಿಎ ಕರಗಿದಾಗಲೆಲ್ಲ ಸಯನ್ಯೂರಿಕ್ ಆಸಿಡ್ ಉಳಿಯುತ್ತದೆ. ಬಿಸಿಲಿನಿಂದ ಕ್ಲೋರಿನ್ ಕಾಯುವ ಸ್ಟೆಬಿಲೈಸರ್ ಅದೇ, 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದು. ಆದರೆ ದಿನಾ 2 ಪಿಪಿಎಂ ಕ್ಲೋರಿನ್ ಮಾತ್ರೆಯಿಂದಲೇ ಕೊಟ್ಟರೆ ತಿಂಗಳಿಗೆ 36 ಪಿಪಿಎಂನಷ್ಟು ಇದು ಸೇರುತ್ತದೆ. ಮೂರು ತಿಂಗಳಲ್ಲಿ ನೂರು ಮುಟ್ಟಿ, ಕ್ಲೋರಿನ್‌ನ ಕೈಕಾಲು ಕಟ್ಟಿ ಕೂರಿಸುತ್ತದೆ. ಬಿಸಿಲಿಗೆ ಅದು ಆವಿಯಾಗುವುದಿಲ್ಲ, ಒಂದಿಷ್ಟು ನೀರು ಬದಲಿಸುವುದೇ ದಾರಿ.

ಬದಲಿಸುವುದು ಅಂದಕೂಡಲೇ ಮಾಮಾನ ಕಿವಿ ನೆಟ್ಟಗಾಗುತ್ತದೆ. "ಪೂರಾ ಖಾಲಿ ಮಾಡಿ ಹೊಸ ನೀರು ಬಿಡ್ರಿ, ಅತ್ಲಾಗ ಕಾಟನ ತಪ್ಪತೈತಿ." ಈ ಮಾತು ಕೇಳಿದಾಗ ಬರುವ ಸಿಟ್ಟಿಗೆ ಕಾರಣ ಟ್ಯಾಂಕರ್ ಖರ್ಚಲ್ಲ. 5,000 ಲೀಟರಿನವು ಎಂಟು ಟ್ಯಾಂಕರ್ ಬೇಕು, ಅದನ್ನಾದರೂ ಸಹಿಸಬಹುದು. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಗಂಗಾವತಿ ಸುತ್ತ ಬಹುಪಾಲು ಎರೆಮಣ್ಣು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ. ಕಾಲುವೆಗೆ ನೀರು ಬಿಟ್ಟು ಭತ್ತದ ಗದ್ದೆ ತುಂಬಿದ ಕಾಲಕ್ಕೆ ಕೆಲವು ಕಡೆ ನೆಲದ ನೀರೂ ಮೇಲೇರಿರುತ್ತದೆ. ಪೂಲಿನೊಳಗಿನ ನೀರಿನ ಭಾರವೇ ಹೊರಗಿನ ಒತ್ತಡವನ್ನು ತಡೆದುಕೊಂಡಿರುವುದು. ಅದನ್ನು ಪೂರ್ತಿ ತೆಗೆದರೆ ಗೋಡೆ ಬಿರಿಯಬಹುದು, ತಳವೇ ಮೇಲಕ್ಕೆ ಎದ್ದುಬರಬಹುದು, ಖಾಲಿ ಟೈಲ್ಸ್ ಬಿಸಿಲಿಗೆ ಕಾದು ಕಿತ್ತುಕೊಳ್ಳಬಹುದು. ಒಂದು ಸಲಕ್ಕೆ ಮೂರನೇ ಒಂದು ಭಾಗ ತೆಗೆದು ತುಂಬಿದರೆ ಸಾಕು. ಹಸಿರಾದ ಪೂಲಿಗಂತೂ ಹೊಸ ನೀರು ಮದ್ದೇ ಅಲ್ಲ. ಪಿಎಚ್ ಇಳಿಸಿ, ಸಂಜೆ ಕ್ಲೋರಿನ್ 10 ಪಿಪಿಎಂಗೆ ಏರಿಸಿ, ಗೋಡೆ-ಮೂಲೆ ಬ್ರಷ್ ಮಾಡಿ, ನೀರು ತಿಳಿಯಾಗುವ ತನಕ ಪಂಪ್ ನಿಲ್ಲಿಸದೆ ಓಡಿಸಿ. ಕ್ಲೋರಿನ್ ಮತ್ತೆ 3ಕ್ಕೆ ಇಳಿಯುವವರೆಗೆ ಯಾರೂ ಇಳಿಯಬಾರದು.

ಫಿಲ್ಟರಿನ ಬಗ್ಗೆ ಎರಡು ಮಾತು. ಒತ್ತಡ ತೋರಿಸುವ ಗೇಜ್ ನೋಡಿ. ತೊಳೆದ ದಿನ ಇದ್ದದ್ದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ, ನೀರು ಉಲ್ಟಾ ಹರಿಸಿ ಒಳಗಿನ ಮರಳು ತೊಳೆಯುವ ಬ್ಯಾಕ್‌ವಾಶ್ ಎರಡು ಮೂರು ನಿಮಿಷ, ರಿನ್ಸ್ ಅರ್ಧ ನಿಮಿಷ. ವಾಲ್ವಿನ ಹಿಡಿ ತಿರುಗಿಸುವ ಮೊದಲು ಪಂಪ್ ಆಫ್ ಮಾಡಲೇಬೇಕು, ಇಲ್ಲವಾದರೆ ಒಳಗಿನ ಗ್ಯಾಸ್ಕೆಟ್ ಹರಿದು ಪೂಲಿನ ನೀರೆಲ್ಲ ಮೋರಿ ಸೇರುತ್ತಿರುತ್ತದೆ, ನೀವು ಪೂಲ್ ಸೋರುತ್ತಿದೆ ಅಂತ ನೆಲ ಅಗೆಸುತ್ತಿರುತ್ತೀರಿ. ಮರಳು ಐದಾರು ವರ್ಷಕ್ಕೆ ಬದಲಿಸಬೇಕು. "ಹೊಳಿ ದಂಡಿಮ್ಯಾಗ ಇದ್ದೀವಿ, ಉಸುಕಿಗೆ ಯಾಕ ರೊಕ್ಕ?" ಅಂತ ತುಂಗಭದ್ರೆಯ ಉಸುಕು ತುಂಬಿಸಿದವರುಂಟು. ಫಿಲ್ಟರಿನದು ಅರ್ಧ ಮಿಲಿಮೀಟರ್ ಆಸುಪಾಸಿನ ಒಂದೇ ಅಳತೆಯ ಸಿಲಿಕಾ. ಹೊಳೆ ಉಸುಕಲ್ಲಿ ಮಣ್ಣೂ ಇದೆ, ಗರಸೂ ಇದೆ, ಪೂಲಿನ ತಳಕ್ಕೆ ಬಂದು ಬೀಳುವ ನುಣುಪು ಪುಡಿಯೂ ಇದೆ.

ಸಂಡೂರು ಕಡೆಯ ಗಾಳಿ ಬಂದ ದಿನ ಇನ್ನೊಂದು ಬಣ್ಣವೂ ಸೇರುತ್ತದೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು, ಮುಂದೆ ಷರತ್ತಿನ ಮೇಲೆ ಮತ್ತೆ ಬಿಟ್ಟಿತು, ಕೆಂಪು ಧೂಳಿಗೆ ಮಾತ್ರ ಯಾವ ನೋಟಿಸೂ ತಲುಪಿದಂತಿಲ್ಲ. ಅದಿರಿನ ಆ ಪುಡಿ ನೀರಲ್ಲಿ ಕರಗುವುದಿಲ್ಲ, ಅತಿ ನುಣ್ಣಗಿನದು ಮರಳನ್ನು ದಾಟಿ ತಿರುಗಿ ಪೂಲಿಗೇ ಬರುತ್ತದೆ. ಪಟಿಕ ಕರಗಿಸಿ ಹಾಕಿ, ವಾಲ್ವ್ ಅನ್ನು ರೀಸರ್ಕುಲೇಟ್‌ಗೆ (ನೀರು ಮರಳಿಗೆ ಹೋಗದೆ ಸುತ್ತುವಂತೆ) ಇಟ್ಟು ತುಸು ಹೊತ್ತು ಬೆರೆಸಿ, ರಾತ್ರಿಯೆಲ್ಲ ಪಂಪ್ ಬಂದ್ ಮಾಡಿ. ಬೆಳಗ್ಗೆ ತಳದಲ್ಲಿ ಕೂತದ್ದನ್ನು ನಿಧಾನಕ್ಕೆ ವ್ಯಾಕ್ಯೂಮ್ ಮಾಡಿ ನೇರ ವೇಸ್ಟ್‌ಗೆ ಬಿಡಿ. ಫಿಲ್ಟರ್‌ಗೆ ಬಿಟ್ಟರೆ ಮರಳು ಅಂಟುಗಟ್ಟುತ್ತದೆ.

ಈ ಊರುಗಳ ಹಳೆಯ ಮಂದಿ ಇಷ್ಟೆಲ್ಲ ಉಸಾಬರಿ ಇಲ್ಲದೆ ಈಜು ಕಲಿತವರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ತಳ್ಳಿದರೆ ಮುಗಿಯಿತು. ಕಪ್ಪೆ, ಮೀನು, ಪಾಚಿ ಎಲ್ಲವೂ ಜೊತೆಗಿರುತ್ತಿದ್ದವು, ಪಿಎಚ್ ಯಾರೂ ಕೇಳುತ್ತಿರಲಿಲ್ಲ. ಸೆಲೆ ಒಡೆದು ಹೊಸ ನೀರು ಬರುತ್ತಿತ್ತು, ಹಳೆಯದು ಕಪಿಲೆಯಲ್ಲೋ ಪಂಪ್‌ಸೆಟ್ಟಿನಲ್ಲೋ ಹೊಲ ಸೇರುತ್ತಿತ್ತು. ಆ ಬಾವಿಗಳಲ್ಲಿ ಬಹಳಷ್ಟು ಈಗ ಬೋರ್‌ವೆಲ್ ಎದುರು ಬತ್ತಿ, ಒಳಗೆ ಜಾಲಿ ಬೆಳೆದು ನಿಂತಿವೆ. ಮಾಮಾನ ನಾಲಿಗೆ ಪರೀಕ್ಷೆಯೂ ಅಲ್ಲಿಂದಲೇ ಬಂದಿರಬೇಕು. ಬಾವಿ ನೀರಿನ ಸಿಹಿ, ಉಪ್ಪು, ಸವುಳು ಮೂರನ್ನೂ ಗುಟುಕಿನಲ್ಲಿ ಹೇಳುತ್ತಿದ್ದ ನಾಲಿಗೆ ಅದು. ಪೂಲಿಗೆ ಸೆಲೆ ಇಲ್ಲ, ಅದೇ ನೀರು ತಿರುಗಿ ತಿರುಗಿ ಬರಬೇಕು. 38,000 ಲೀಟರ್ ಒಮ್ಮೆ ಫಿಲ್ಟರ್ ದಾಟಲು ಆರು ತಾಸು ಅಂತ ಹಿಡಿದರೆ ತಾಸಿಗೆ 6,300 ಲೀಟರ್ ಓಡಬೇಕು. ಬೇಸಿಗೆಯಲ್ಲಿ ಎಂಟು ತಾಸು ಓಡಿಸಿ. ಕರೆಂಟ್ ಹೋದಾಗಲೆಲ್ಲ ಪಂಪ್ ಹಚ್ಚಿ ಆರಿಸುವ, ಬ್ಯಾಟರಿ ಇಲ್ಲದ ಟೈಮರ್ ಗಡಿಯಾರ ನಿಂತುಬಿಡುತ್ತದೆ ಅನ್ನುವುದು ನೆನಪಿರಲಿ, ಅದು ಬೆಳಗಿನ ಆರು ಅಂದುಕೊಂಡಾಗ ನಿಮ್ಮ ಮನೆಯಲ್ಲಿ ಊಟದ ಹೊತ್ತು.

ನೀರು ಇಳಿಯುತ್ತಿದೆ ಅಂತ ಗಾಬರಿಯಾದರೆ ಬಕೆಟ್‌ಗೆ ಪೂಲಿನ ನೀರು ತುಂಬಿ ಮೆಟ್ಟಿಲ ಮೇಲೆ ಇಟ್ಟು, ಬಕೆಟ್ಟಿಗೂ ಪೂಲಿಗೂ ಗುರುತು ಹಾಕಿ ಒಂದು ದಿನ ಬಿಡಿ. ಎರಡೂ ಸಮನಾಗಿ ಇಳಿದರೆ ಅದು ಬಿಸಿಲು. ದಿನಕ್ಕೆ 8 ಮಿಲಿಮೀಟರ್ ಆರಿದರೂ 220 ಲೀಟರ್ ಆಯಿತು. ಪೂಲ್ ಹೆಚ್ಚು ಇಳಿದಿದ್ದರೆ ಆಗ ಪ್ಲಂಬರ್. ಪಂಪ್ ಮತ್ತು ಲೈಟಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೇಕು, ನೀರೊಳಗಿನ ಲೈಟು 12 ವೋಲ್ಟಿನದೇ ಆಗಿರಬೇಕು. ತಳದ ಡ್ರೈನ್ ಜಾಲರಿ ಒಡೆದಿದ್ದರೆ ಅದು ಬದಲಾಗುವವರೆಗೆ ಯಾರೂ ನೀರಿಗಿಳಿಯುವಂತಿಲ್ಲ. ಪಂಪಿನ ಎಳೆತಕ್ಕೆ ಕೂದಲು ಸಿಕ್ಕರೆ ದೊಡ್ಡವರಿಗೂ ಬಿಡಿಸಿಕೊಳ್ಳಲಾಗದು.

ಉಳಿದದ್ದು ಗೇಟು. ಪೂಲಿನ ಸುತ್ತ ನಾಲ್ಕು ಅಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಚಿಲಕ. ಎಲ್ಲವನ್ನೂ ದುಡ್ಡು ಕೊಟ್ಟು ಹಾಕಿಸಿರುತ್ತಾರೆ. ಭಾನುವಾರ ಬೀಗರು ಬರುತ್ತಾರೆ. ಒಗ್ಗಾಣಿ-ಮಿರ್ಚಿಯ ತಟ್ಟೆ ಎರಡು ಕೈಯಲ್ಲಿ ಹಿಡಿದು ಬರುವವರಿಗೆ ಗೇಟು ಮತ್ತೆ ಮತ್ತೆ ಮುಚ್ಚಿಕೊಳ್ಳುವುದು ಕಿರಿಕಿರಿ, ಮಾಮಾ ಒಂದು ಇಟ್ಟಿಗೆ ತಂದು ಅಡ್ಡ ಇಡುತ್ತಾರೆ. ನೀರಲ್ಲಿ ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಪಕ್ಕದಲ್ಲೇ ಮಿರ್ಚಿ ತಿನ್ನುತ್ತಿರುವವರಿಗೆ ಗೊತ್ತಾಗುವುದೂ ಇಲ್ಲ. ಮಗ್ಗಿನ ವಿಷಯದಲ್ಲಿ ಮಾಮಾನ ಜೊತೆ ವಾದ ಮಾಡಿ, ರಾಜಿಯಾಗಿ, ನಗಾಡಿ. ಆ ಇಟ್ಟಿಗೆಯನ್ನು ಮಾತ್ರ ಅವರೆದುರೇ ಎತ್ತಿ ಕಾಂಪೌಂಡಿನ ಆಚೆ ಎಸೆಯಿರಿ. "ಏನ್ರಿ ಇಷ್ಟು ಸಿಟ್ಟು" ಅಂದರೆ ಹೌದು ಅನ್ನಿ.