ದಯವಿಟ್ಟು ಖುಷಿಪಡಬೇಡಿ

ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ 2024ರಲ್ಲಿ ಒಂದು ಘೋರ ಅಪಾಯದ ವಾಸನೆ ಬಡಿಯಿತು. ಗ್ರಂಥಾಲಯಗಳು ಜೋಪಾನ ಮಾಡಿಟ್ಟಿರುವ, ಅಂಗಡಿಯಲ್ಲಿ ಎಲ್ಲೂ ಸಿಗದ ಹಳೆಯ ವಿಡಿಯೊ ಗೇಮ್‌ಗಳನ್ನು ಸಂಶೋಧಕರು ಮನೆಯಲ್ಲೇ ಕುಳಿತು ನೋಡಲು ಬಿಟ್ಟರೆ, ಯಾರಾದರೂ ಅವುಗಳನ್ನು ಮನರಂಜನೆಗಾಗಿ ಆಡಿಬಿಟ್ಟರೆ ಏನು ಗತಿ? ಇದು ನನ್ನ ಕುಹಕವಲ್ಲ. ಕಚೇರಿಯ ಶಿಫಾರಸಿನಲ್ಲಿ ಈ ಭೀತಿ ಅತ್ಯಂತ ಗಂಭೀರವಾದ ಕಾನೂನಿನ ಭಾಷೆಯಲ್ಲೇ ದಾಖಲಾಗಿದೆ. ಅಕ್ಟೋಬರ್‌ನಲ್ಲಿ ಅನುಮತಿ ನಿರಾಕರಣೆಯೂ ಆಯಿತು. ಎಲೆ ಹಾಕಿದರೆ ಬಂದವರು ಉಂಡುಬಿಟ್ಟಾರು ಎಂದು ಮದುವೆ ಮನೆಯ ಯಜಮಾನ ಪಂಕ್ತಿಯನ್ನೇ ರದ್ದು ಮಾಡಿದ ಹಾಗೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಕಲು ತಡೆಯಲು ತಂತ್ರಾಂಶಕ್ಕೆ ಹಾಕಿರುವ ಡಿಜಿಟಲ್ ಬೀಗ ಒಡೆಯುವುದು ಅಮೆರಿಕದಲ್ಲಿ 1998ರ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಯಾರಿಗೆ ವಿನಾಯಿತಿ ಕೊಡಬೇಕು ಎಂಬ ವಿಚಾರಣೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. 2021ರಲ್ಲಿ ಗ್ರಂಥಾಲಯಗಳಿಗೆ ಒಂದು ಸಣ್ಣ ಜಯ ಸಿಕ್ಕಿತು: ಹಳೆಯ ತಂತ್ರಾಂಶಗಳನ್ನು ಓದುಗರು ದೂರದಿಂದಲೇ ಬಳಸಬಹುದು, ಒಂದು ಸಲಕ್ಕೆ ಒಬ್ಬರು, ಸೀಮಿತ ಅವಧಿಗೆ. ವಿಡಿಯೊ ಗೇಮ್‌ಗಳನ್ನು ಮಾತ್ರ ಹೊರಗಿಡಲಾಯಿತು. ಅವುಗಳನ್ನು ಕೆಡದಂತೆ ಕಾಪಾಡಬಹುದು, ಆದರೆ ಆಡಬೇಕಾದವರು ಖುದ್ದು ಗ್ರಂಥಾಲಯದ ಕಟ್ಟಡದೊಳಗೇ ಬಂದು ಕೂರಬೇಕು. ಮೂವತ್ತು ವರ್ಷ ಹಳೆಯ ಲೆಕ್ಕಪತ್ರದ ತಂತ್ರಾಂಶವನ್ನು ಮನೆಯಲ್ಲಿ ತೆರೆದು ಬಡ್ಡಿ ಕೂಡಿಸುವವನ ಮುಖದಲ್ಲಿ ನಗು ಮೂಡುವ ಸಂಭವವಿಲ್ಲ. ಹಾಗಾಗಿ ಅದು ಸುರಕ್ಷಿತ.

ಈಗ ದಾವಣಗೆರೆಯ ಒಬ್ಬ ಸಂಶೋಧಕನನ್ನು ಊಹಿಸಿಕೊಳ್ಳಿ. ಎಂಬತ್ತರ ದಶಕದ ಆಟಗಳ ಸಂಗೀತದ ಮೇಲೆ ಮಹಾಪ್ರಬಂಧ ಬರೆಯುವ ಹಂಬಲ ಅವನಿಗೆ. ಅವನಿಗೆ ಬೇಕಾದ ಆಟ ಅಮೆರಿಕದ ಒಂದು ಗ್ರಂಥಾಲಯದ ಕಪಾಟಿನಲ್ಲಿದೆ. ಅದರ ಗಾತ್ರ ಅವನ ಮೊಬೈಲಿಗೆ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಕಡಿಮೆ. ಕಳುಹಿಸಲು ಅರೆಕ್ಷಣ ಸಾಕು, ಆದರೆ ಕಳುಹಿಸುವಂತಿಲ್ಲ. ಆದ್ದರಿಂದ ಅವನು ಬ್ಯಾಂಕಿನ ಲೆಕ್ಕಪುಸ್ತಕ, ತಂದೆಯ ಜಮೀನಿನ ಪಹಣಿ, ಮಾರ್ಗದರ್ಶಕರ ಪತ್ರ ಎಲ್ಲವನ್ನೂ ಹೊತ್ತು ವೀಸಾ ಸಂದರ್ಶನಕ್ಕೆ ನಿಲ್ಲುತ್ತಾನೆ.

"ಪ್ರವಾಸದ ಉದ್ದೇಶ?"

"ಒಂದು ವಿಡಿಯೊ ಗೇಮ್ ಆಡಬೇಕು, ಸ್ವಾಮಿ."

"ಮನರಂಜನೆಗೋ?"

"ಖಂಡಿತ ಇಲ್ಲ. ನನಗೆ ಆಟ ಕಂಡರೆ ಆಗುವುದಿಲ್ಲ."

ಇಂಥವನಿಗೆ ಮಾತ್ರ ಆ ಕಾನೂನು ಬಾಗಿಲು ತೆರೆಯುತ್ತದೆ. ಇನ್ನು ಖುಷಿಗಾಗಿಯೇ ಆಡಬೇಕೆನ್ನುವವರ ಕಥೆ? ಅವರು ಈ ವಿಚಾರಣೆಗಳತ್ತ ತಿರುಗಿಯೂ ನೋಡಿಲ್ಲ. ಎಲ್ಲಿಂದಲೋ ನಕಲು ಇಳಿಸಿಕೊಂಡು ರಾತ್ರಿಯಿಡೀ ಆಡುತ್ತಿದ್ದಾರೆ. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳ ಫ್ಯಾನ್ಸಿ ಅಂಗಡಿಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್ ಕ್ಯಾಸೆಟ್‌ಗಳು ನೆನಪಿವೆಯೇ? ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು, ಒಳಗೆ ಅದದೇ ಹತ್ತಾರು ಆಟಗಳು ವೇಷ ಬದಲಿಸಿ ಬರುತ್ತಿದ್ದವು. ಅಪ್ಪಣೆ ಕೇಳದ ಆ ವ್ಯಾಪಾರಿಗಳಿಗೆ ಪರಂಪರೆಯ ರಕ್ಷಣೆ ಎಂಬ ಮಾತೇ ಗೊತ್ತಿರಲಿಲ್ಲ, ಆದರೂ ರಕ್ಷಣೆ ನಡೆಯಿತು. ಬೀಗ ಬಿದ್ದಿರುವುದು ಅರ್ಜಿ ಬರೆದು, ಕೈಕಟ್ಟಿ ನಿಂತು ಅಪ್ಪಣೆ ಕೇಳಿದ ಗ್ರಂಥಪಾಲಕರಿಗೆ ಮಾತ್ರ.

ಹಾಗೆಂದು ಈ ಆಟಗಳು ಬೇರೆ ಕಡೆ ಕಾಸು ಕೊಟ್ಟರೆ ಸಿಗುತ್ತವೆಯೇ? ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು: ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಅಮೆರಿಕದ ಮೂಕಿ ಚಿತ್ರಗಳು ಉಳಿದಿರುವ ಪ್ರಮಾಣಕ್ಕೂ ಇನ್ನೂ ಮಾರಾಟದಲ್ಲಿರುವ ಶೇ 13ಕ್ಕೂ ಹೆಚ್ಚು ಅಂತರವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು, ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅದನ್ನು ನಾವು ಕಳೆದುಕೊಂಡದ್ದು ಅಸಡ್ಡೆಯಿಂದ. ಅಮೆರಿಕದವರದ್ದು ಹಾಗಲ್ಲ, ಅವರು ವಕೀಲರನ್ನಿಟ್ಟು ಕ್ರಮಬದ್ಧವಾಗಿ ಕಳೆದುಕೊಳ್ಳುತ್ತಿದ್ದಾರೆ. ಆಟದ ಕಂಪನಿಗಳ ಸಂಘದ ವಾದ ಏನೆಂದರೆ, ದೂರದಿಂದ ಆಡಲು ಬಿಟ್ಟರೆ ಮುಂದೆಂದಾದರೂ ಈ ಆಟಗಳನ್ನು ಮತ್ತೆ ಮಾರುವ ಅವಕಾಶಕ್ಕೆ ಧಕ್ಕೆಯಾಗುತ್ತದೆ. ಮುಂದೆ ಎಂದರೆ ಯಾವಾಗ ಎಂದು ಕೇಳುವುದು ಸಭ್ಯತೆಯಲ್ಲ.

ಕಂಪನಿಯೇ ಮನಸ್ಸು ಮಾಡಿ ಸಂಗ್ರಹಾಲಯ ಕಟ್ಟಿದರೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1889ರಲ್ಲಿ ಹೂವಿನ ಚಿತ್ರಗಳಿರುವ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಶುರುವಾದ ಜಪಾನಿನ ಗೇಮ್ ಕಂಪನಿ ನಿಂಟೆಂಡೊ, ಕ್ಯೋಟೊ ಪಕ್ಕದ ಉಜಿಯಲ್ಲಿ ತನ್ನ ಹಳೆಯ ಕಾರ್ಖಾನೆಯನ್ನೇ ಸಂಗ್ರಹಾಲಯ ಮಾಡಿ 2024ರ ಅಕ್ಟೋಬರ್ 2ರಂದು ತೆರೆಯಿತು. ಹೌದು, ಅದೇ ಅಕ್ಟೋಬರ್. ವಯಸ್ಕರಿಗೆ ಟಿಕೆಟ್ 3,300 ಯೆನ್, ಅದೂ ಲಾಟರಿಯಲ್ಲಿ ಹೆಸರು ಬಂದರೆ. ಯಂತ್ರಗಳೆಲ್ಲ ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಅವುಗಳ ಫೋಟೊ ತೆಗೆಯುವಂತಿಲ್ಲ. ಆಡಲು ಪ್ರತಿಯೊಬ್ಬರಿಗೂ ಹತ್ತು ನಾಣ್ಯ, ಅವೂ ನಿಜವಾದ ನಾಣ್ಯಗಳಲ್ಲ, ಟಿಕೆಟ್ಟಿನಲ್ಲಿ ಅಡಗಿರುವ ಅಂಕಿ. ಮುಗಿದರೆ ಮುಗಿಯಿತು, ಇನ್ನೊಂದು ಕೊಳ್ಳುತ್ತೇನೆಂದರೂ ಕೊಡುವುದಿಲ್ಲ. ನಮ್ಮ ನ್ಯಾಯಬೆಲೆ ಅಂಗಡಿಯ ಶಿಸ್ತು ಜಪಾನಿಗೂ ತಲುಪಿದೆ ಎಂದು ಹೆಮ್ಮೆಪಡಬಹುದು.

ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಯಾರೋ ಪುಣ್ಯಾತ್ಮರು ಸೂಪರ್ ನಿಂಟೆಂಡೊ ಆಟದ ಕಂಟ್ರೋಲರಿನ ತಂತಿಯನ್ನು ಕಿತ್ತರು. ಕೇಳಿಸಿದ್ದು, ವಿಂಡೋಸ್ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಎಳೆದಾಗ ಬರುವ ಆ ಚಿರಪರಿಚಿತ 'ಡುಂಡುಂ'. ಅಂದರೆ ಒಳಗೆ ಓಡುತ್ತಿದ್ದದ್ದು ಹಳೆಯ ಯಂತ್ರವಲ್ಲ, ಅದನ್ನು ಅನುಕರಿಸುವ ಎಮ್ಯುಲೇಟರ್ ಇರಬೇಕೆಂದು ಲೋಕ ಊಹಿಸಿತು. ತನ್ನ ಆಟ, ತನ್ನ ಗೋಡೆ, ತನ್ನ ಕಂಪ್ಯೂಟರು, ಕಾನೂನಿನ ಪ್ರಕಾರ ಎಳ್ಳಷ್ಟೂ ತಪ್ಪಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಯುಜು ಎಂಬ ಎಮ್ಯುಲೇಟರ್ ಮಾಡಿದವರು ಇದೇ ನಿಂಟೆಂಡೊ ಹೂಡಿದ ಮೊಕದ್ದಮೆಯಲ್ಲಿ 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದ್ದರು. ಅದು ಹೊಸ ಯಂತ್ರದ ಆಟಗಳ ನಕಲಿನ ವ್ಯಾಜ್ಯ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ತಿಳಿದವರು ಹೇಳುತ್ತಾರೆ. ನಾನು ತೂಗುತ್ತಿಲ್ಲ. ಆ 'ಡುಂಡುಂ' ಸದ್ದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೇನೆ.

ಮುಟ್ಟದವರಿಗೇ ಹೆಚ್ಚು ಮರ್ಯಾದೆ ಎಂಬುದು ಮಾರುಕಟ್ಟೆಯ ನಿಯಮವೂ ಹೌದು. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ 'ಸೂಪರ್ ಮಾರಿಯೊ ಬ್ರದರ್ಸ್'ನ ಒಂದು ಪೆಟ್ಟಿಗೆ 2021ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಬಿಚ್ಚಿ ಆಡಿದರೆ ಬೆಲೆ ಬಿತ್ತು.

ನ್ಯೂಯಾರ್ಕ್ ನಗರವನ್ನು ಈ ಮಾತಿನಲ್ಲಿ ಮೆಚ್ಚಬೇಕು. 1942ರಲ್ಲಿ ಅಲ್ಲಿ, ನಾಣ್ಯ ಹಾಕಿ ಚೆಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ನಿಷೇಧವಾಯಿತು. ಅದು ಬರೀ ಜೂಜು ಎಂದು ಮೇಯರ್ ಲಾಗಾರ್ಡಿಯ ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದು ಫೋಟೊಗೆ ನಿಂತರು. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಮುಂದೆ ಯಂತ್ರ ಇಡಿಸಿಕೊಂಡು, ಚೆಂಡು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಇಳಿಸಿ ತೋರಿಸಿದ. ನಿಷೇಧ ಹೋಯಿತು. ಆ ಸಭೆಯಲ್ಲಿ ಕನಿಷ್ಠ ಒಬ್ಬನಾದರೂ ಆಡಿದ್ದ.

ಮುಂದಿನ ವಿಚಾರಣೆಯ ಸುತ್ತು 2027ಕ್ಕೆ. ಗ್ರಂಥಾಲಯದವರು ಈ ಸಲ ಬರಿಗೈಯಲ್ಲಿ ಹೋಗಬಾರದು. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಮರದ ಕೆಳಗೆ ಕೂರುವ ಅರ್ಜಿ ಬರೆಯುವವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು ಹೋಗಲಿ. ಕರಡು ನಾನೇ ಸಿದ್ಧಪಡಿಸಿದ್ದೇನೆ, ಛಾಪಾ ಕಾಗದಕ್ಕೆ ಇಳಿಸಿದರೆ ಸಾಕು:

"ಸದರಿ ಅರ್ಜಿದಾರನಾದ ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ: ತಾವು ಒದಗಿಸುವ ಆಟವನ್ನು ನಾನು ಅಧ್ಯಯನದ ಉದ್ದೇಶಕ್ಕೆ ಮಾತ್ರ, ಸಪ್ಪೆ ಮುಖದಲ್ಲಿ ಆಡತಕ್ಕದ್ದು. ಮೂರನೆಯ ಹಂತ ದಾಟಿದಾಗ ಕುರ್ಚಿಯಿಂದ ಎದ್ದು ಕುಣಿಯತಕ್ಕದ್ದಲ್ಲ. 'ಇನ್ನೊಂದೇ ಒಂದು ಸಲ' ಎಂಬ ಮಾತನ್ನು ಬಾಯಿಂದಾಗಲೀ ಮನಸ್ಸಿನಲ್ಲಾಗಲೀ ಉಚ್ಚರಿಸತಕ್ಕದ್ದಲ್ಲ. ಮನೆಯ ಮಕ್ಕಳು ಹಿಂದೆ ಬಂದು ನಿಂತಲ್ಲಿ ಅವರಿಗೆ ಲೆಕ್ಕಪತ್ರದ ತಂತ್ರಾಂಶವನ್ನು ತೋರಿಸತಕ್ಕದ್ದು. ಅಕಸ್ಮಾತ್ ಅತಿ ಹೆಚ್ಚು ಅಂಕ ಬಂದಲ್ಲಿ ಅದು ನನ್ನ ಇಚ್ಛೆಗೆ ವಿರುದ್ಧವಾಗಿ ಬಂದದ್ದೆಂದು ಪರಿಗಣಿಸಿ, ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಅದನ್ನು ಅಳಿಸಿಹಾಕಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ."