ಕಿಟಕಿಯ ಮೇಲಿನ ಮೂರು ಸೀಸೆ

ಅವ್ವನ ಅಡುಗೆಮನೆ ಕಿಟಕಿಯ ಮೇಲೆ ಮೂರು ಸೀಸೆ ಇರುತ್ತಿದ್ದವು. ತಲೆಗೆ ಕೊಬ್ಬರಿ ಎಣ್ಣೆ, ಮೈ ಉಷ್ಣಕ್ಕೆ ಹರಳೆಣ್ಣೆ, ಮೂಲೆಯ ಕಂದು ಸೀಸೆಯಲ್ಲಿ ಹೊಂಗೆ ಎಣ್ಣೆ.

ಕೊಬ್ಬರಿ ಎಣ್ಣೆ ಕಾಯಿಸುವ ದಿನ ಮನೆಯೆಲ್ಲ ಘಮ. ಮರುಗ, ದವನ, ಒಂದು ಹಿಡಿ ಮೆಂತ್ಯ. ಸೊಪ್ಪನ್ನು ನೆರಳಲ್ಲಿ ಚೆನ್ನಾಗಿ ಬಾಡಿಸಬೇಕು. ನೀರಿನಂಶ ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ಸಣ್ಣ ಉರಿಯಲ್ಲಿ ಕಾಯಿಸುತ್ತಾ ಇದ್ದರೆ ಸೊಪ್ಪಿನ ಚುರುಚುರು ಸದ್ದು ನಿಲ್ಲುತ್ತದೆ. ಆಗ ಇಳಿಸಬೇಕು. ಲಾವಂಚದ ಬೇರು ಹಾಕುವುದು ಒಲೆ ಆರಿಸಿದ ಮೇಲೆ. ಜಾಸ್ತಿ ಬಿಸಿ ತಾಗಿದರೆ ಪರಿಮಳ ಹಾರಿಹೋಗುತ್ತದೆ. ನಾನು ಈಗಲೂ ಹೀಗೇ ಮಾಡುತ್ತೇನೆ.

ಗಂಧದೆಣ್ಣೆ ಮಾತ್ರ ಮನೆ ಒಲೆಗೆ ಒಗ್ಗುವುದಿಲ್ಲ. ಅದರ ಪರಿಮಳ ಮರದ ಚೇಗಿನೊಳಗಿದೆ, ಅಂದರೆ ನಡುವಿನ ಗಟ್ಟಿ ತಿರುಳಿನಲ್ಲಿ. ಹಬೆಯಲ್ಲಿ ದಿನಗಟ್ಟಲೆ ಬೇಯಿಸಿ ಇಳಿಸಬೇಕು. ಮೊದಲು ಮೈಸೂರು ಸಂಸ್ಥಾನದ ಗಂಧ ಮರವಾಗಿಯೇ ಯುರೋಪಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿತು. ಕೊರಡು ಇಲ್ಲೇ ಉಳಿಯಿತು. 1916ರಲ್ಲಿ ಸಂಸ್ಥಾನದಲ್ಲೇ ಎಣ್ಣೆ ತೆಗೆಯುವುದು ಶುರುವಾಯಿತು. ನಮ್ಮ ಮರದ ಎಣ್ಣೆ ನಮ್ಮಲ್ಲೇ ತೆಗೆಯೋಣ ಅಂತ ಆಗ ಮಾಡಿದ್ದನ್ನು ಈಗ ಹೊಂಗೆಗೆ ಯಾಕೆ ಮಾಡಬಾರದು ಅನ್ನೋದೇ ನನ್ನ ಪ್ರಶ್ನೆ.

ಆ ಕಂದು ಸೀಸೆಯನ್ನು ಯಾರೂ ಮೂಗಿನ ಹತ್ತಿರ ತರುತ್ತಿರಲಿಲ್ಲ. ಕಟು ವಾಸನೆ, ಕಹಿ. ದೀಪಕ್ಕೆ, ದನದ ಗಾಯಕ್ಕೆ ಅಷ್ಟೇ. ಆದರೆ ಈ ಕಹಿಯೇ ಅದರ ಗುಣ. ತಿನ್ನಲು ಬಾರದ ಈ ಎಣ್ಣೆ ಎಂಜಿನ್ನಿಗೆ ಇಂಧನವಾಗಬಹುದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಹಾಗಂತ ನಾವು ಕಡಲೆಕಾಯಿ ಎಣ್ಣೆಯನ್ನು ಎಂಜಿನ್ನಿಗೆ ಸುರಿಯೋಕಾಗುತ್ತಾ? ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತಿದೆ. ಹೊಂಗೆ ಯಾರ ತಟ್ಟೆಯಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಬದುವಿನ ಮೇಲೆ ನಿಲ್ಲುತ್ತದೆ, ನೀರು ಕೇಳುವುದಿಲ್ಲ, ದನ ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ ಬರುತ್ತದೆ. ಉಳಿದ ಹಿಂಡಿ ಹೊಲಕ್ಕೆ ಒಳ್ಳೆ ಗೊಬ್ಬರ. ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ, ನೇರವಾಗಿ ಹಾಕುತ್ತಾ ಹೋದರೆ ಎಂಜಿನ್ನಿನಲ್ಲಿ ಕಿಟ್ಟ ಕಟ್ಟುತ್ತದೆ. ಮೆಥನಾಲ್ ಮತ್ತು ಕಾಸ್ಟಿಕ್ ಸೋಡ ಸೇರಿಸಿ ಸಂಸ್ಕರಿಸಿದರೆ ತೆಳುವಾದ ಬಯೋಡೀಸೆಲ್ ಆಗುತ್ತದೆ, ಜೊತೆಗೆ ಗ್ಲಿಸರಿನ್ ಸಿಗುತ್ತದೆ. ಇದೇನು ಹೊಸ ಕನಸಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಉಡುಪಿ ಶ್ರೀನಿವಾಸ ಅವರು ಹಿಂದೆಯೇ ಹಳ್ಳಿಯ ಜನರೇಟರ್‌ಗಳನ್ನು ಹೊಂಗೆ ಎಣ್ಣೆಯಲ್ಲಿ ಓಡಿಸಿ, ಪಂಪಿನಿಂದ ನೀರೆತ್ತಿಸಿ ತೋರಿಸಿದ್ದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೂ ಇದೆ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲ್‌ನಲ್ಲಿ ಶೇ. 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಒಳ್ಳೆಯದೇ. ಆದರೆ ಬೀಜ ಆಯುವವರು ಯಾರು? ಬೇಸಿಗೆ ಬಿಸಿಲಲ್ಲಿ ಬಗ್ಗಿ ಆಯಬೇಕು, ಒಣಗಿಸಬೇಕು, ಸಿಪ್ಪೆ ಒಡೆಯಬೇಕು. ಈ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಂಗಸರದ್ದು, ವಯಸ್ಸಾದವರದ್ದು. ಅವರ ದಿನದ ಕೂಲಿ ಹುಟ್ಟದ ಬೆಲೆ ಕೊಟ್ಟರೆ ಕಾಯಿ ರಸ್ತೆ ಮೇಲೇ ಉಳಿಯುತ್ತದೆ. ನಮ್ಮೂರಿನ ದಾರಿಯಲ್ಲಿ ಪ್ರತಿ ವರ್ಷ ಲಾರಿ ಚಕ್ರಕ್ಕೆ ಸಿಕ್ಕಿ ಪುಡಿಯಾಗುವ ಹೊಂಗೆಕಾಯಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಕೇಳಿದರೆ ಹೋಬಳಿಗೊಂದು ಸಣ್ಣ ಗಾಣ ಸಾಕು. ಬೀಜ ದೂರದ ನಗರಕ್ಕೆ ಹೋಗುವುದು ಬೇಡ. ಎಣ್ಣೆ ಸಂಸ್ಕರಿಸಿದ ಮೇಲೆ ಅಲ್ಲಿನ ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಹೋಗಲಿ. ಹಿಂಡಿ ಅದೇ ಊರಿನ ಗದ್ದೆಗೆ ಬೀಳಲಿ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ಜಾಗಕ್ಕೆ ಗುಲ್‌ಮೊಹರ್ ಬದಲು ಹೊಂಗೆ ಸಸಿ ಇಡಿ.

ಹೋದ ಬೇಸಿಗೆ ನಮ್ಮ ಬದುವಿನ ಮರಗಳಿಂದ ಎರಡು ಚೀಲ ಕಾಯಿ ಆಯ್ದೆವು. ಕೊಳ್ಳುವವರನ್ನು ಹುಡುಕುವುದಕ್ಕೇ ಒಂದು ವಾರ ಹಿಡಿಯಿತು. ನಿಮ್ಮ ಕಡೆ ಹೊಂಗೆ ಬೀಜ ಯಾರು ಕೊಳ್ಳುತ್ತಾರೆ, ಕಿಲೋಗೆ ಎಷ್ಟು ಕೊಡುತ್ತಾರೆ? ತಾಲ್ಲೂಕಿನ ಹೆಸರು ಹಾಕಿ ಬರೆಯಿರಿ.